ಎರಡು ಸಾವಿರದ ದಂಡ ಮತ್ತು ಕೆನಡಾ ಪಿಆರ್ ಅರ್ಜಿ: ಪುಣೆಯ ಒಂದು ಪ್ರಕರಣ ಅಧ್ಯಯನ

ಕೆನಡಾದ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ವಾಸಿಸುವ ಪರವಾನಗಿಗೆ, ಅರ್ಜಿ ಹಾಕುವ ಪುಣೆ, ಮುಂಬೈ ಕನ್ನಡಿಗರು ಅಂಕ, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನಲ್ಲಿ ತೋರಿಸಬೇಕಾದ ಹಣ ಎಲ್ಲವನ್ನೂ ತಿಂಗಳುಗಟ್ಟಲೆ ಲೆಕ್ಕ ಹಾಕಿರುತ್ತಾರೆ. ಹಿಂದೆ ಯಾವಾಗಲೋ ಕಟ್ಟಿದ ದಂಡದ ಮಾತು ಮಾತ್ರ ಕೊನೇ ವಾರದಲ್ಲಿ ಏಳುತ್ತದೆ, ಅದೂ ಆನ್‌ಲೈನ್ ಅರ್ಜಿಯ ಆ ಪ್ರಶ್ನೆ ಕಣ್ಣಿಗೆ ಬಿದ್ದ ಮೇಲೆ. ಯಾವುದೇ ದೇಶದಲ್ಲಿ ಯಾವತ್ತಾದರೂ ಕ್ರಿಮಿನಲ್ ಅಪರಾಧ ಮಾಡಿದ್ದೀರಾ, ಅದಕ್ಕಾಗಿ ನಿಮ್ಮನ್ನು ಬಂಧಿಸಿದ್ದರಾ, ಆರೋಪ ಹೊರಿಸಿದ್ದರಾ, ಶಿಕ್ಷೆಯಾಗಿತ್ತಾ ಎಂದು ಅದು ಕೇಳುತ್ತದೆ. ಉತ್ತರಕ್ಕೆ ಇರುವುದು ಹೌದು, ಇಲ್ಲ ಎಂಬ ಎರಡೇ ಚೌಕ.

ಕೆಳಗಿರುವುದು ಮಾದರಿ ಪ್ರಕರಣ. ಇಂಥ ಕಡತಗಳಲ್ಲಿ ಕಾಣುವ ಬೇರೆಬೇರೆ ಸಂಗತಿಗಳನ್ನು ಒಂದೇ ಮನೆಯ ಸುತ್ತ ಜೋಡಿಸಿದ್ದೇವೆ, ಹಾಗಾಗಿ ಇದು ಯಾರೊಬ್ಬರ ಕತೆಯೂ ಅಲ್ಲ. ಕಾನೂನು, ಸೆಕ್ಷನ್, ಗಡುವುಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಮನೆಯಲ್ಲಿ ಸಿಕ್ಕ ರಸೀದಿಗಳು

ಅರ್ಜಿದಾರರು ಧಾರವಾಡದವರು, ವಯಸ್ಸು 33, ಮನೆ ವಾಕಡ್‌ನಲ್ಲಿ, ಸಾಫ್ಟ್‌ವೇರ್ ಕೆಲಸ ಹಿಂಜವಡಿಯಲ್ಲಿ. ಹೆಂಡತಿಗೆ 30. ಆಕೆಯ ಮನೆಯವರು ಕುಂದಾಪುರದ ಕಡೆಯವರು, ಆದರೆ ಆಕೆ ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ. ತಂದೆಯ ಹೋಟೆಲ್ ಈಗಲೂ ಅಲ್ಲೇ ಇದೆ. 2024ರ ಏಪ್ರಿಲ್‌ನಲ್ಲಿ ಅಂಕದ ಮೇಲೆ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ ವೃತ್ತಿಗಳ) ಸುತ್ತಿನಲ್ಲಿ ಇವರಿಗೆ ಐಟಿಎ, ಅಂದರೆ ಅರ್ಜಿ ಹಾಕಲು ಆಹ್ವಾನ, ಬಂತು. ಅಲ್ಲಿಂದ 60 ದಿನದೊಳಗೆ ಪೂರ್ಣ ಅರ್ಜಿ ಸಲ್ಲಿಸಬೇಕು.

ಕೂತು ಪಟ್ಟಿ ಮಾಡಿದಾಗ ಸಿಕ್ಕ ದಂಡಗಳು ಇಷ್ಟು. ಅವರ ಹೆಸರಿನ ಸ್ಕೂಟರ್ ಮೇಲೆ 2019ರಿಂದ 2023ರವರೆಗೆ 11 ಇ-ಚಲನ್: ಹೆಲ್ಮೆಟ್ ಇಲ್ಲದ್ದು, ನೋ ಪಾರ್ಕಿಂಗ್, ಸಿಗ್ನಲ್‌ನಲ್ಲಿ ಝೀಬ್ರಾ ಪಟ್ಟಿ ದಾಟಿ ನಿಂತದ್ದು, ಒಂದು ರಾಂಗ್ ಸೈಡ್. 2018ರಲ್ಲಿ ಕಂಪನಿ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 9 ತಿಂಗಳು ಇದ್ದಾಗ ಅತಿವೇಗಕ್ಕೆ ಬಿದ್ದ ದಂಡ ಒಂದು. 2016ರ ಡಿಸೆಂಬರ್ 31ರ ರಾತ್ರಿ ನಾಕಾಬಂದಿಯಲ್ಲಿ ಕುಡಿದು ಗಾಡಿ ಓಡಿಸಿದ್ದಕ್ಕೆ ಸಿಕ್ಕಿಬಿದ್ದು, 2017ರ ಜನವರಿಯಲ್ಲಿ ಶಿವಾಜಿನಗರದ ಕೋರ್ಟಿನಲ್ಲಿ ಕಟ್ಟಿದ 2,000 ರೂಪಾಯಿ ಇನ್ನೊಂದು. ಹೆಂಡತಿಯ ಕಡೆ ಎರಡು: ಸೆಕೆಂಡ್ ಕ್ಲಾಸ್ ಪಾಸ್ ಇಟ್ಟುಕೊಂಡು ಲೋಕಲ್‌ನ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದ್ದಕ್ಕೆ ಟಿಸಿ ಹಾಕಿದ ದಂಡ, ಮತ್ತು 2013ರಲ್ಲಿ ಕಾಲೇಜಿಗೆ ಹೋಗುವಾಗ ಹಳಿ ದಾಟಿ ಆರ್‌ಪಿಎಫ್ ಕೈಗೆ ಸಿಕ್ಕು ರೈಲ್ವೆ ಕೋರ್ಟಿನಲ್ಲಿ ಕಟ್ಟಿದ 300 ರೂಪಾಯಿ.

ಮಾವನವರ ಅಭಿಪ್ರಾಯ ಸ್ಪಷ್ಟವಾಗಿತ್ತು. "ಅಳಿಯಂದಿರೇ, ಏಳು ವರ್ಷದ ಹಿಂದೆ ಎರಡು ಸಾವಿರ ಕಟ್ಟಿದ್ದನ್ನ ಕೆನಡಾದವರು ಬಂದು ನೋಡ್ತಾರಾ? ಇಲ್ಲ ಅಂತ ಹಾಕಿ ಮುಗಿಸಿ." ವೀಸಾ ಏಜೆಂಟ್ ಹೇಳಿದ್ದೂ ಅದೇ. ಇಬ್ಬರೂ ನೋಡಿದ್ದು ಮೊತ್ತವನ್ನು. ಕೆನಡಾದ ಕಾನೂನಿನಲ್ಲಿ ಮೊತ್ತಕ್ಕೆ ಜಾಗವೇ ಇಲ್ಲ. ಆ ಹಣವನ್ನು ಪೊಲೀಸರ ಯಂತ್ರ ತೆಗೆದುಕೊಂಡಿತೋ ಮ್ಯಾಜಿಸ್ಟ್ರೇಟರ ಆದೇಶ ತೆಗೆದುಕೊಂಡಿತೋ ಎಂಬುದು ಮೊದಲ ಪ್ರಶ್ನೆ. ಅದೇ ಕೃತ್ಯ ಕೆನಡಾದಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂಬುದು ಎರಡನೆಯದು.

ಕೆನಡಾದ ಅಧಿಕಾರಿ ತೂಗುವುದು ಏನನ್ನು

ಅಲ್ಲಿನ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ ಸೆಕ್ಷನ್ 36ರಲ್ಲಿ ಎರಡು ಮಟ್ಟಗಳಿವೆ. ಹೊರದೇಶದಲ್ಲಿ ಶಿಕ್ಷೆಯಾದ ಕೃತ್ಯಕ್ಕೆ ಕೆನಡಾದಲ್ಲಿ ಗರಿಷ್ಠ 10 ವರ್ಷ ಅಥವಾ ಹೆಚ್ಚಿನ ಸೆರೆವಾಸ ಇರುವಂತಿದ್ದರೆ ಅದು ಗಂಭೀರ ಅಪರಾಧ, 36(1). ಅದಕ್ಕಿಂತ ಕೆಳಗೆ, ಅಲ್ಲಿ ಇಂಡೈಟಬಲ್ (ಗಂಭೀರ ವಿಧಾನದಲ್ಲಿ ವಿಚಾರಣೆಯಾಗುವಂಥದ್ದು) ಎನಿಸುವ ಒಂದು ಅಪರಾಧ, ಅಥವಾ ಬೇರೆಬೇರೆ ಸಂದರ್ಭಗಳ ಎರಡು ಅಪರಾಧ ಇದ್ದರೆ 36(2). ಈ ಎರಡರಲ್ಲಿ ಯಾವುದಕ್ಕೆ ಸಿಕ್ಕಿಕೊಂಡರೂ ಪ್ರವೇಶಕ್ಕೆ ಅನರ್ಹ.

ಇದರೊಳಗೆ ಎರಡು ತಿರುವುಗಳಿವೆ. ಒಂದು ನಮ್ಮ ಪರವಾಗಿದೆ. ಅಪರಾಧ ಕೆನಡಾ ಸಂಸತ್ತಿನ ಕಾಯ್ದೆಯಡಿ ಬರುವಂಥದ್ದಾಗಿರಬೇಕು. ಅಲ್ಲಿ ಪಾರ್ಕಿಂಗ್, ಸಿಗ್ನಲ್, ಹೆಲ್ಮೆಟ್, ಸಾಮಾನ್ಯ ಅತಿವೇಗ ಎಲ್ಲ ಪ್ರಾಂತ್ಯಗಳ ಕಾನೂನು. ಒಂಟಾರಿಯೊದಲ್ಲಾದರೆ ಹೈವೇ ಟ್ರಾಫಿಕ್ ಆ್ಯಕ್ಟ್. ಹಾಗಾಗಿ ಅಂಥ ದಂಡ ಹತ್ತಿರಲಿ ಇಪ್ಪತ್ತಿರಲಿ, ಸೆಕ್ಷನ್ 36ರ ಒಳಗೆ ಬರುವುದಿಲ್ಲ. ಇನ್ನೊಂದು ತಿರುವು ವಿರುದ್ಧವಾಗಿದೆ. ಸಮ್ಮರಿಯಾಗಿಯೂ (ಸಣ್ಣ ಕೇಸಿನ ಸರಳ ವಿಧಾನದಲ್ಲಿ), ಇಂಡೈಟ್‌ಮೆಂಟ್ ಮೂಲಕವೂ (ಗಂಭೀರ ವಿಧಾನದಲ್ಲಿ) ನಡೆಸಬಹುದಾದ ಹೈಬ್ರಿಡ್ ಅಪರಾಧಗಳನ್ನೆಲ್ಲ ವಲಸೆ ಕಾನೂನು ಇಂಡೈಟಬಲ್ ಎಂದೇ ಎಣಿಸುತ್ತದೆ. ಕುಡಿದು ಗಾಡಿ ಓಡಿಸುವುದು ಅಲ್ಲಿ ಹೈಬ್ರಿಡ್. ಇಲ್ಲಿ ಬರೀ ದಂಡ ಹಾಕಿ ಬಿಟ್ಟರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಪುರಾವೆಯ ಮಟ್ಟವೂ ಗೊತ್ತಿರಬೇಕು. ಸೆಕ್ಷನ್ 33ರ ಪ್ರಕಾರ ಅಧಿಕಾರಿಗೆ "ನಂಬಲು ಸಕಾರಣ" ಇದ್ದರೆ ಸಾಕು. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಾತೀತವಾಗಿ ಸಾಬೀತು ಮಾಡುವ ಹಾಗೆ ಇಲ್ಲಿ ಬೇಕಿಲ್ಲ.

ಇ-ಚಲನ್‌ಗಳ ವಿಂಗಡಣೆ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200 ಕೆಲವು ತಪ್ಪುಗಳನ್ನು ಕಾಂಪೌಂಡ್ ಮಾಡಲು, ಅಂದರೆ ಕೋರ್ಟಿಗೆ ಕಳಿಸದೆ ದಂಡ ಕಟ್ಟಿಸಿಕೊಂಡು ಮುಗಿಸಲು ಅವಕಾಶ ಕೊಡುತ್ತದೆ. ಮಹಾಟ್ರಾಫಿಕ್ ಆ್ಯಪ್‌ನಲ್ಲಿ ಕಟ್ಟಿದ 9 ಚಲನ್ ಈ ಬಗೆಯವು. ಅವು ಕನ್ವಿಕ್ಷನ್, ಅಂದರೆ ಕೋರ್ಟು ಅಪರಾಧಿ ಎಂದು ತೀರ್ಮಾನಿಸಿದ್ದು, ಅಲ್ಲ.

ಉಳಿದ ಎರಡು ಬೇರೆ ದಾರಿ ಹಿಡಿದಿದ್ದವು. ಬಹಳ ದಿನ ಕಟ್ಟದೆ ಬಿಟ್ಟದ್ದರಿಂದ ವರ್ಚುವಲ್ ಕೋರ್ಟಿಗೆ ಹೋಗಿದ್ದವು. ಅಲ್ಲಿ ಸೂಚಿಸಿದ ದಂಡ ಕಟ್ಟಲು ಒಪ್ಪುವ ಬಟನ್ ಒತ್ತಿದರೆ ಅದು ತಪ್ಪೊಪ್ಪಿಗೆ, ಪ್ರಕರಣ ಮುಗಿಯುವುದು ಮ್ಯಾಜಿಸ್ಟ್ರೇಟರ ಮುಂದೆ. ಫೋನಿನ ಮೇಲೆ ನೋಡಿದರೆ ಎರಡೂ ಪಾವತಿ ಒಂದೇ ಥರ ಕಾಣುತ್ತವೆ, ಯುಪಿಐ ಸಂದೇಶವೂ ಒಂದೇ. ಗುರುತಿಸುವುದು ಹೀಗೆ: ಕೋರ್ಟಿಗೆ ಹೋದದ್ದಕ್ಕೆ 16 ಅಕ್ಷರಾಂಕಗಳ ಸಿಎನ್‌ಆರ್ ನಂಬರ್ ಇರುತ್ತದೆ. ಎರಡೂ ನೋ ಪಾರ್ಕಿಂಗ್, ಝೀಬ್ರಾ ಪಟ್ಟಿಯ ಪ್ರಕರಣಗಳಾದ್ದರಿಂದ ಅರ್ಹತೆಗೆ ತೊಂದರೆ ಇಲ್ಲ. ಆದರೂ ಕೋರ್ಟಿನ ದಾಖಲೆ ಇರುವುದನ್ನು ವಿವರಣಾ ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆದುಬಿಡುವುದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬರೆದದ್ದರಿಂದ ನಷ್ಟವಿಲ್ಲ.

ರಾಂಗ್ ಸೈಡ್ ಚಲನ್ ಮಾತ್ರ ಕಣ್ಣಿಟ್ಟು ನೋಡಬೇಕಾದ್ದು. 2019ರ ತಿದ್ದುಪಡಿ ಜಾರಿಯಾದ ಮೇಲೆ ಸೆಕ್ಷನ್ 184ರ ವಿವರಣೆಯಲ್ಲಿ ಸಿಗ್ನಲ್ ಹಾರುವುದು, ಗಾಡಿ ಓಡಿಸುವಾಗ ಮೊಬೈಲ್ ಹಿಡಿಯುವುದು, ಎದುರು ದಿಕ್ಕಿನಲ್ಲಿ ಬರುವುದು ಎಲ್ಲ ಸೇರಿವೆ. ಆ ಸೆಕ್ಷನ್ನಿನ ಶೀರ್ಷಿಕೆಯೇ ಅಪಾಯಕಾರಿ ಚಾಲನೆ. ಕೆನಡಾದ ಕ್ರಿಮಿನಲ್ ಕೋಡ್‌ನ 320.13ರ ಹೆಸರೂ ಹೆಚ್ಚುಕಡಿಮೆ ಅದೇ, ಅದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಹೆಸರು ಹೊಂದಿದ ಮಾತ್ರಕ್ಕೆ ಅಪರಾಧ ಹೊಂದುವುದಿಲ್ಲ, ಅಲ್ಲಿ ಆ ಸಂದರ್ಭದಲ್ಲಿ ಸಾರ್ವಜನಿಕರಿಗೆ ನಿಜವಾದ ಅಪಾಯವಿತ್ತೆಂದು ಕಾಣಬೇಕು. ಆದರೆ 184 ಎಂಬ ಅಂಕಿ ಕಂಡ ಅಧಿಕಾರಿ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಚಲನ್ ಡೌನ್‌ಲೋಡ್ ಮಾಡಿ ಅದರಲ್ಲಿ ಅಚ್ಚಾದ ಸೆಕ್ಷನ್ ಓದಬೇಕು. ಇವರದು 119/177, ಸಂಚಾರ ಫಲಕ ಪಾಲಿಸದ್ದು. ಅಲ್ಲಿಗೆ ಆ ವಿಷಯ ಮುಗಿಯಿತು.

ಸ್ಕೂಟರ್ ಅರ್ಧ ದಿನ ಓಡಿಸುತ್ತಿದ್ದುದು ಚಿಕ್ಕಪ್ಪನ ಮಗ, ಅದನ್ನೂ ಬರೆಯೋಣ ಎಂದು ಅರ್ಜಿದಾರರಿಗಿತ್ತು. ಬರೆಯಬಾರದು. ದಾಖಲೆ ಮಾಲೀಕರ ಹೆಸರಿನಲ್ಲಿದೆ, ಬೇರೆಯವರು ಓಡಿಸಿದ್ದಕ್ಕೆ ಪುರಾವೆ ಇಲ್ಲ, ಫಲಿತಾಂಶಕ್ಕೆ ಅದರಿಂದ ಏನೂ ಆಗಬೇಕಿಲ್ಲ.

ಜರ್ಮನಿಯ ದಂಡ ಇನ್ನೂ ಸುಲಭ. ಆ ದೇಶ ಅತಿವೇಗವನ್ನು ಆಡಳಿತಾತ್ಮಕ ಉಲ್ಲಂಘನೆ ಎಂದು ಬೇರೆಯೇ ಇಡುತ್ತದೆ, ಅದು ಅಪರಾಧಗಳ ಗುಂಪಿಗೆ ಸೇರುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 6 ತಿಂಗಳು ಅಥವಾ ಹೆಚ್ಚು ಸತತವಾಗಿ ಇದ್ದ ದೇಶದ ಪೊಲೀಸ್ ಪ್ರಮಾಣಪತ್ರ ಬೇಕಾದ್ದರಿಂದ ಬಾನ್‌ನ ಫೆಡರಲ್ ನ್ಯಾಯ ಕಚೇರಿಯಿಂದ ಫ್ಯೂರುಂಗ್ಸ್‌ಸೊಯ್ಗ್ನಿಸ್ ತರಿಸಬೇಕಾಯಿತು. ಅದರಲ್ಲಿ ಈ ದಂಡ ಕಾಣಲಿಲ್ಲ, ಕಾಣಬೇಕಾದ್ದೂ ಅಲ್ಲ.

2017ರ ಜನವರಿಯ ಕಾಗದಗಳು

ಈ ಕಡತದ ಭಾರವೆಲ್ಲ ಇಲ್ಲಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185, ಕುಡಿದು ವಾಹನ ಓಡಿಸುವುದು, ಸೆಕ್ಷನ್ 200ರ ಪಟ್ಟಿಯಲ್ಲಿಲ್ಲ. ರಸ್ತೆಯಲ್ಲಿ ಪೊಲೀಸರು ಅದನ್ನು ಕಾಂಪೌಂಡ್ ಮಾಡುವಂತಿಲ್ಲ, ಕೋರ್ಟಿಗೇ ಹೋಗಬೇಕು. ಆಗಿನ ಕಾನೂನಿನಲ್ಲಿ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ರಿಂದ ದಂಡ 10,000ಕ್ಕೆ ಏರಿದೆ.

ಕೋರ್ಟಿನ ಹೊರಗೆ ಸಿಕ್ಕ ವಕೀಲರು "ಕಬೂಲ್ ಮಾಡಿ, ಹತ್ತು ನಿಮಿಷದ ಕೆಲಸ" ಎಂದಿದ್ದರು. ಹತ್ತು ನಿಮಿಷದಲ್ಲೇ ಮುಗಿಯಿತು. ಆ ಹತ್ತು ನಿಮಿಷದಲ್ಲಿ ಆದದ್ದು ಪೂರ್ಣ ಪ್ರಮಾಣದ ಕನ್ವಿಕ್ಷನ್. ಮೇಲ್ಮನವಿಯ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ: ತಪ್ಪೊಪ್ಪಿಕೊಂಡವರಿಗೆ ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 375 ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆ ಬಿಟ್ಟು ಬೇರೆ ಪ್ರಶ್ನೆ ಎತ್ತಲು ಬಿಡುವುದಿಲ್ಲ. ಮುಂಬೈ ಕೋರ್ಟುಗಳಲ್ಲಿ ಕೆಲವೊಮ್ಮೆ ದಂಡದ ಜೊತೆ "ಕೋರ್ಟ್ ಏಳುವವರೆಗೆ" ಶಿಕ್ಷೆ ಎಂದು ಬರೆದಿರುತ್ತಾರೆ. ಸಂಜೆವರೆಗೆ ಬೆಂಚಿನ ಮೇಲೆ ಕೂತು ಬಂದದ್ದು ಅಷ್ಟೇ ಎಂದು ಜನ ಅಂದುಕೊಳ್ಳುತ್ತಾರೆ, ಕಾಗದದ ಮೇಲೆ ಅದು ಸೆರೆವಾಸ.

ಮೊದಲ ಕೆಲಸ ದಾಖಲೆ ತೆಗೆಸುವುದು. ಇ-ಕೋರ್ಟ್ಸ್ ತಾಣದಲ್ಲಿ ಪುಣೆ ಜಿಲ್ಲೆ, ಮ್ಯಾಜಿಸ್ಟ್ರೇಟ್ ಕೋರ್ಟ್, ಹೆಸರು, ವರ್ಷ ಹಾಕಿ ಹುಡುಕಿದಾಗ ಎಸ್‌ಸಿಸಿ (ಸಮ್ಮರಿ ಕ್ರಿಮಿನಲ್ ಕೇಸ್) ನಂಬರ್ ಸಿಕ್ಕಿತು. ಹೆಸರಿನ ಕಾಗುಣಿತ ಮರಾಠಿಯಿಂದ ಇಂಗ್ಲಿಷಿಗೆ ಹೋಗುವಾಗ ಬದಲಾಗಿರುತ್ತದೆ, ಮೂರುನಾಲ್ಕು ರೀತಿ ಹಾಕಿ ನೋಡಬೇಕು. ನಂತರ ಕೋರ್ಟಿನ ನಕ್ಕಲ್ (ನಕಲು ಪ್ರತಿ ಕೊಡುವ) ವಿಭಾಗದಲ್ಲಿ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ದೃಢೀಕೃತ ಪ್ರತಿಗೆ ಅರ್ಜಿ. ಹಳೇ ಸಮ್ಮರಿ ಕೇಸಿನ ಕಡತ ರೆಕಾರ್ಡ್ ರೂಮಿನಿಂದ ಬರಲು ವಾರಗಳೇ ಹಿಡಿಯುತ್ತವೆ, 60 ದಿನದ ಗಡುವಿನಲ್ಲಿ ಇದೇ ದೊಡ್ಡ ಅಡ್ಡಿ. ಎಕ್ಸ್‌ಪ್ರೆಸ್ ಎಂಟ್ರಿ ಪ್ರೊಫೈಲ್ ತೆರೆದ ದಿನವೇ ಈ ಅರ್ಜಿಯನ್ನೂ ಹಾಕಬೇಕು, ಐಟಿಎ ಬರಲಿ ಎಂದು ಕಾಯಬಾರದು. ಕಡತ ನಾಶವಾಗಿದ್ದರೆ ಹಾಗೆಂದು ಕೋರ್ಟಿನಿಂದಲೇ ಪತ್ರ ಮತ್ತು ರಿಜಿಸ್ಟರಿನ ಉದ್ಧೃತ ಪ್ರತಿ ತೆಗೆದುಕೊಳ್ಳಬೇಕು. "ದಾಖಲೆ ಸಿಗಲಿಲ್ಲ" ಎಂದು ಅರ್ಜಿದಾರರೇ ಬರೆದರೆ ಅದಕ್ಕೆ ಬೆಲೆ ಇಲ್ಲ.

ಕೈಗೆ ಬಂದ ಕಾಗದ ನಾಲ್ಕು. ಕೋರ್ಟಿನ ದಿನವಹಿ ದಾಖಲೆಯಾದ ರೋಜನಾಮಾದಲ್ಲಿ ಒಂದೂವರೆ ಸಾಲು: "ಆರೋಪೀನೆ ಗುನ್ಹಾ ಕಬೂಲ್ ಕೇಲಾ" (ಆರೋಪಿ ತಪ್ಪೊಪ್ಪಿಕೊಂಡ), ಅದರ ಕೆಳಗೆ ದಂಡ 2,000, ಕಟ್ಟದಿದ್ದರೆ 5 ದಿನ ಸಾದಾ ಕೈದು. ದಂಡದ ರಸೀದಿ, ಜನವರಿ 9ರದ್ದು. ಪೊಲೀಸರು ತುಂಬಿದ ನಮೂನೆ: ಬಾಯಿಂದ ಮದ್ಯದ ವಾಸನೆ, ಕಣ್ಣು ಕೆಂಪು, ನಡಿಗೆ ಸಾಮಾನ್ಯ, ಮಾತು ಸಾಮಾನ್ಯ. ಅದಕ್ಕೆ ಪಿನ್ ಹಾಕಿದ್ದು ಬ್ರೆತ್ ಅನಲೈಸರ್ ಚೀಟಿ. ಥರ್ಮಲ್ ಕಾಗದ, ಅಕ್ಷರ ಮಾಸಿ ಹಳದಿ ತಿರುಗಿತ್ತು, ಆದರೆ ಓರೆಯಾಗಿ ಬೆಳಕಿಗೆ ಹಿಡಿದರೆ ಅಂಕಿ ಓದಲು ಬರುತ್ತಿತ್ತು: 100 ಮಿ.ಲೀ. ರಕ್ತಕ್ಕೆ 52 ಮಿ.ಗ್ರಾಂ. ಅದೇ ಅಂಕಿ ನಮೂನೆಯಲ್ಲೂ ಕೈಬರಹದಲ್ಲಿ ಇದ್ದದ್ದು ದೊಡ್ಡ ಅನುಕೂಲ. ಇಂಥ ಚೀಟಿ ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ ಇವತ್ತೇ ಫೋಟೊ ತೆಗೆದು ಸ್ಕ್ಯಾನ್ ಮಾಡಿಡಬೇಕು. ಥರ್ಮಲ್ ಕಾಗದ ಕಾಯುವುದಿಲ್ಲ.

ಎಲ್ಲವೂ ಮರಾಠಿಯಲ್ಲಿದ್ದವು. ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ, ಅನುವಾದಕರ ಪ್ರಮಾಣಪತ್ರ ಅಥವಾ ನೋಟರಿ ಮುಂದೆ ಮಾಡಿದ ಅಫಿಡವಿಟ್, ಮೂಲದ ಪ್ರತಿ ಮೂರೂ ಒಟ್ಟಿಗೆ ಇರಬೇಕು. ಹೆಂಡತಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ಅರ್ಜಿದಾರರಾಗಲಿ ಮನೆಯವರಾಗಲಿ ಮಾಡಿದ ಅನುವಾದವನ್ನು ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿ ಒಪ್ಪುವುದಿಲ್ಲ. ಮನೆಯವರು ವೃತ್ತಿಯಿಂದ ವಕೀಲರೋ ನೋಟರಿಯೋ ಆಗಿದ್ದರೂ ಅಷ್ಟೇ.

30 ಮತ್ತು 80ರ ನಡುವೆ

ಭಾರತದ ಸೆಕ್ಷನ್ 185ರ ಮೊದಲ ಭಾಗ ಕೇಳುವುದು ಒಂದೇ ಅಂಕಿ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿತೇ? ಚಾಲಕ ಅಮಲಿನಲ್ಲಿ ತಪ್ಪುತ್ತಿದ್ದನೇ ಎಂದು ಕೇಳುವುದಿಲ್ಲ. ಕೆನಡಾದಲ್ಲಿ ಈ ಘಟನೆಯ ಕಾಲಕ್ಕೆ ಇದ್ದ ಕ್ರಿಮಿನಲ್ ಕೋಡ್ ಸೆಕ್ಷನ್ 253ರಲ್ಲಿ ಎರಡು ದಾರಿ ಇದ್ದವು: ಮದ್ಯದಿಂದ ಓಡಿಸುವ ಸಾಮರ್ಥ್ಯ ಕುಗ್ಗಿರಬೇಕು, ಅಥವಾ ಮದ್ಯದ ಪ್ರಮಾಣ 80 ಮಿ.ಗ್ರಾಂ. ದಾಟಿರಬೇಕು. ಅಂದರೆ ಭಾರತದ ಬಲೆ ಅಗಲ, ಕೆನಡಾದ್ದು ಕಿರಿದು. ಇಲ್ಲಿ 31ಕ್ಕೆ ಸಿಕ್ಕಿಬಿದ್ದವರು ಅಲ್ಲಿ ಅಪರಾಧಿಯೇ ಆಗದಿರಬಹುದು.

ಇಂಥ ಹೋಲಿಕೆ ಹೇಗೆ ಮಾಡಬೇಕೆಂದು ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ 1987ರ ಹಿಲ್ ಪ್ರಕರಣದಲ್ಲಿ ಹೇಳಿದೆ. ಎರಡೂ ಕಾನೂನುಗಳ ಪಠ್ಯವನ್ನು ಹೋಲಿಸಬಹುದು, ಪುರಾವೆ ನೋಡಬಹುದು, ಅಥವಾ ಎರಡನ್ನೂ ಸೇರಿಸಿ ನೋಡಬಹುದು. ಹೊರದೇಶದ ಕಾನೂನು ಹೆಚ್ಚು ಅಗಲವಾಗಿದ್ದಾಗ ಪಠ್ಯ ಮಾತ್ರ ಸಾಲುವುದಿಲ್ಲ, ಪುರಾವೆಗೆ ಇಳಿಯಲೇಬೇಕು. ಇವರ ಪುರಾವೆಯಲ್ಲಿ 52 ಎಂಬ ಅಂಕಿ ಇದೆ, 80 ದಾಟಿಲ್ಲ. ಸಾಮರ್ಥ್ಯ ಕುಗ್ಗಿತ್ತೇ ಎಂಬುದರ ಬಗ್ಗೆ ನೋಡಿದರೆ ನಡಿಗೆ, ಮಾತು ಎರಡೂ ಸಾಮಾನ್ಯ ಎಂದು ಪೊಲೀಸರೇ ಬರೆದಿದ್ದಾರೆ. ಅಪಘಾತವಿಲ್ಲ, ಡಿಕ್ಕಿಯಿಲ್ಲ, ನಾಕಾಬಂದಿಯಲ್ಲಿ ಎಲ್ಲರನ್ನೂ ನಿಲ್ಲಿಸಿದಂತೆ ನಿಲ್ಲಿಸಿದ್ದು.

ಅದೇ ನಮೂನೆಯಲ್ಲಿ "ತೂರಾಡುತ್ತಿದ್ದ" ಎಂಬ ಅರ್ಥದ ಒಂದು ಮರಾಠಿ ಪದ ಇದ್ದಿದ್ದರೂ ವಾದ ಕುಸಿಯುತ್ತಿತ್ತು. ಕೆನಡಾದಲ್ಲಿ ಸಾಮರ್ಥ್ಯ ಅಲ್ಪಸ್ವಲ್ಪ ಕುಗ್ಗಿದ್ದರೂ ಸಾಕು, ಅಂಕಿ 80ಕ್ಕಿಂತ ಕೆಳಗಿದ್ದರೂ ಅಪರಾಧವಾಗಬಹುದು. ಅದಕ್ಕೇ ನಮೂನೆಯ ಪ್ರತಿಯೊಂದು ಪದವನ್ನೂ ಅನುವಾದಿಸಬೇಕು, ಕಣ್ಣು ಕೆಂಪು ಎಂಬುದನ್ನೂ ಬಿಡದೆ. ಪ್ರತಿಕೂಲವಾದದ್ದನ್ನು ಬಿಟ್ಟು ಅನುವಾದಿಸಿದರೆ ಅನುಕೂಲವಾದದ್ದರ ಮೇಲೂ ನಂಬಿಕೆ ಹೋಗುತ್ತದೆ.

ದಿನಾಂಕಗಳ ಲೆಕ್ಕ

ಅಧಿಕಾರಿ ಈ ಹೋಲಿಕೆ ಒಪ್ಪದಿದ್ದರೆ? ಆಗ ರಿಹ್ಯಾಬಿಲಿಟೇಶನ್, ಅಂದರೆ ಹಳೇ ಅಪರಾಧದಿಂದ ಬಂದ ಅನರ್ಹತೆಯನ್ನು ಕಳೆದುಕೊಳ್ಳುವ ದಾರಿ. 10 ವರ್ಷಕ್ಕಿಂತ ಕಡಿಮೆ ಗರಿಷ್ಠ ಶಿಕ್ಷೆಯ ಒಂದೇ ಅಪರಾಧವಾಗಿದ್ದರೆ ಶಿಕ್ಷೆ ಮುಗಿದ 10 ವರ್ಷಕ್ಕೆ ಡೀಮ್ಡ್ ರಿಹ್ಯಾಬಿಲಿಟೇಶನ್, ಅಂದರೆ ಕಾಲ ಕಳೆದದ್ದರಿಂದಲೇ ಅನರ್ಹತೆ ಕಳಚುತ್ತದೆ. 5 ವರ್ಷ ಕಳೆದಿದ್ದರೆ ಐಎಂಎಂ 1444 ನಮೂನೆಯಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಕೇಳಿಕೊಳ್ಳಬಹುದು. ಅದರ ತೀರ್ಮಾನಕ್ಕೆ ವರ್ಷಕ್ಕೂ ಹೆಚ್ಚು ಹಿಡಿಯಬಹುದು.

ಎಣಿಕೆ ಎಲ್ಲಿಂದ? ದಂಡ ಕಟ್ಟಿದ ದಿನದಿಂದ ಎಂದು ಎಲ್ಲರೂ ಹೇಳುತ್ತಾರೆ. ಇವರ ಲೈಸೆನ್ಸನ್ನು 3 ತಿಂಗಳು ಅಮಾನತು ಮಾಡಲಾಗಿತ್ತು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷಾ ಸಮಿತಿ 2015ರಲ್ಲಿ ಸೂಚಿಸಿದ ಮೇಲೆ ಕುಡಿದು ಓಡಿಸಿದವರ ಲೈಸೆನ್ಸ್ ಕನಿಷ್ಠ ಅಷ್ಟು ಕಾಲ ಹೋಗುತ್ತಿತ್ತು. ಚಾಲನಾ ನಿಷೇಧವಿದ್ದರೆ ಅದು ಕೊನೆಗೊಂಡ ದಿನದಿಂದ ಎಣಿಸಬೇಕೆಂದು ಐಆರ್‌ಸಿಸಿ ಮಾರ್ಗದರ್ಶಿ ಹೇಳುತ್ತದೆ. ಹಾಗಾಗಿ ಜನವರಿ ಬಿಟ್ಟು ಏಪ್ರಿಲ್ 2017 ಹಿಡಿಯುವುದು ಸುರಕ್ಷಿತ. 5 ವರ್ಷ 2022ರ ಏಪ್ರಿಲ್‌ಗೆ ಆಗಿದೆ, 10 ವರ್ಷ 2027ರ ಏಪ್ರಿಲ್‌ಗೆ.

2027ರವರೆಗೆ ಕಾದರೆ ಈ ತಲೆನೋವೇ ಇಲ್ಲ. ಆದರೆ ಸಂಗಾತಿ ಜೊತೆ ಅರ್ಜಿ ಹಾಕುವವರಿಗೆ 33ರಲ್ಲಿ ವಯಸ್ಸಿಗೆ 80 ಅಂಕ, 36ರಲ್ಲಿ 65. ಜೊತೆಗೆ ಐಇಎಲ್‌ಟಿಎಸ್ ಫಲಿತಾಂಶದ 2 ವರ್ಷದ ಆಯುಷ್ಯವೂ ಮುಗಿದಿರುತ್ತದೆ. 15 ಅಂಕ ಕಳೆದುಕೊಂಡರೆ ಮತ್ತೆ ಕರೆ ಬರುವುದೆಂಬ ಖಾತ್ರಿ ಇಲ್ಲ. ಆದ್ದರಿಂದ ಈಗಲೇ ಸಲ್ಲಿಸಿ, ಹೋಲಿಕೆಯ ವಾದವನ್ನು ಮುಂದಿಟ್ಟು, ಐಎಂಎಂ 1444ನ್ನು ತುಂಬಿ ಸಿದ್ಧವಾಗಿಟ್ಟುಕೊಳ್ಳುವುದು ಎಂದು ನಿರ್ಧಾರವಾಯಿತು.

ಇನ್ನೊಂದು ದಿನಾಂಕ ಇದೆಲ್ಲಕ್ಕಿಂತ ದೊಡ್ಡದು: 2018ರ ಡಿಸೆಂಬರ್ 18. ಅಂದು ಕೆನಡಾ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 5 ವರ್ಷದಿಂದ 10ಕ್ಕೆ ಏರಿಸಿತು. ಅಂದಿನಿಂದ ಈಚೆಗೆ ನಡೆದ ಘಟನೆ ಸೆಕ್ಷನ್ 36(1)ಕ್ಕೆ ಹೋಗುತ್ತದೆ. ಅದಕ್ಕೆ ಡೀಮ್ಡ್ ರಿಹ್ಯಾಬಿಲಿಟೇಶನ್ ಇಲ್ಲ, ಎಷ್ಟು ವರ್ಷ ಕಳೆದರೂ ಅರ್ಜಿ ಹಾಕಿಯೇ ಪಡೆಯಬೇಕು. ಇದೇ ನಾಕಾಬಂದಿ 2018ರ ಡಿಸೆಂಬರ್ 31ರ ರಾತ್ರಿ ಆಗಿದ್ದರೆ ಕಡತದ ಸ್ವರೂಪವೇ ಬೇರೆ ಇರುತ್ತಿತ್ತು.

ಹೆಂಡತಿಯ ಎರಡು ರಸೀದಿ

ಟಿಸಿ ಕೊಟ್ಟದ್ದು ಎಕ್ಸೆಸ್ ಫೇರ್ ಟಿಕೆಟ್. ರೈಲ್ವೆ ಕಾಯ್ದೆ ಸೆಕ್ಷನ್ 138ರಡಿ ವಸೂಲಾಗುವ ಈ ಹೆಚ್ಚುವರಿ ಮೊತ್ತ ಕನಿಷ್ಠ 250 ರೂಪಾಯಿ. ಅದು ಪ್ರಯಾಣದ ಬಾಕಿ ವಸೂಲಿ, ಶಿಕ್ಷೆಯಲ್ಲ. ಹಳಿ ದಾಟಿದ್ದು ಸೆಕ್ಷನ್ 147, ಅತಿಕ್ರಮ ಪ್ರವೇಶ: 6 ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. 300 ರೂಪಾಯಿ ಸಣ್ಣದಾಗಿ ಕಂಡರೂ ಕೊಟ್ಟದ್ದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ. ಹಾಗಾಗಿ ಆಕೆಯ ನಮೂನೆಯಲ್ಲಿ ಉತ್ತರ "ಹೌದು". ಅರ್ಹತೆಯ ಚಿಂತೆ ಮಾತ್ರ ಇಲ್ಲ. ಒಂದೇ ಸಲದ್ದು, 2013ರದ್ದು, ಶಿಕ್ಷೆ ಮುಗಿದು 10 ವರ್ಷ ದಾಟಿದೆ. ಇಂಥ ಅತಿಕ್ರಮಕ್ಕೆ 10 ವರ್ಷದ ಶಿಕ್ಷೆಯ ಮಾತೇ ಇಲ್ಲವಾದ್ದರಿಂದ ಅಧಿಕಾರಿ ಯಾವ ಬಗೆಯಲ್ಲಿ ತೂಗಿದರೂ ಡೀಮ್ಡ್ ರಿಹ್ಯಾಬಿಲಿಟೇಶನ್ ಅನ್ವಯಿಸುತ್ತದೆ. ಜೊತೆಗೆ ಹೋಗುವ ಸಂಗಾತಿ ಅನರ್ಹರಾದರೆ ಕೆನಡಾದ ವಲಸೆ ಕಾಯ್ದೆಯ ಸೆಕ್ಷನ್ 42ರಡಿ ಮುಖ್ಯ ಅರ್ಜಿದಾರರೂ ಸಿಕ್ಕಿಕೊಳ್ಳುತ್ತಾರೆ, ಹಾಗಾಗಿ ಇದನ್ನೂ ಅಷ್ಟೇ ಜತನದಿಂದ ಬರೆಯಬೇಕು.

ಪಿಸಿಸಿ ಕ್ಲಿಯರ್ ಬಂದ ಮೇಲೆ

ಮುಂಢವಾ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದ ಪಿಸಿಸಿ, ಅಂದರೆ ಭಾರತದ ಪೊಲೀಸ್ ಪ್ರಮಾಣಪತ್ರ, ಏನೂ ಇಲ್ಲ ಎಂದೇ ಬಂತು. ಇಲ್ಲಿಯೇ ಬಹಳ ಮಂದಿ ಎಡವುವುದು. ಪಿಸಿಸಿ ನಿಂತಿರುವುದು ಸ್ಥಳೀಯ ಠಾಣೆಯ ವರದಿಯ ಮೇಲೆ. ಟ್ರಾಫಿಕ್ ಶಾಖೆಯಿಂದ ನೇರವಾಗಿ ಕೋರ್ಟಿಗೆ ಹೋದ ಸಮ್ಮರಿ ಕೇಸು, ರೈಲ್ವೆ ಕೋರ್ಟಿನ ಕೇಸು ಆ ಠಾಣೆಯ ದಾಖಲೆಯಲ್ಲಿ ಇರದೇ ಹೋಗಬಹುದು. ಪಿಸಿಸಿ ಕ್ಲಿಯರ್ ಇದೆ ಎಂದ ಮಾತ್ರಕ್ಕೆ ಅರ್ಜಿಯ ಪ್ರಶ್ನೆಗೆ "ಇಲ್ಲ" ಎನ್ನುವ ಹಕ್ಕು ಬರುವುದಿಲ್ಲ. ಪ್ರಶ್ನೆ ಕೇಳಿದ್ದು ನಿಮ್ಮನ್ನು, ಠಾಣೆಯನ್ನಲ್ಲ.

"ಇಲ್ಲ" ಎಂದು ಹಾಕಿ ಮುಂದೆ ಹೊರಬಿದ್ದರೆ ಕೆನಡಾದ ವಲಸೆ ಕಾಯ್ದೆಯ ಸೆಕ್ಷನ್ 40, ತಪ್ಪು ಮಾಹಿತಿ. 5 ವರ್ಷ ಕೆನಡಾ ಪ್ರವೇಶ ಬಂದ್, ಆ ಅವಧಿಯಲ್ಲಿ ಪಿಆರ್ ಅರ್ಜಿಯನ್ನೂ ಹಾಕುವಂತಿಲ್ಲ. ಇವರ 52ರ ಅಂಕಿಗೆ ಅರ್ಹತೆ ಉಳಿಯುವ ಒಳ್ಳೇ ಸಾಧ್ಯತೆ ಇತ್ತು. ಒಂದು ತಪ್ಪು ಟಿಕ್ ಅದನ್ನೂ ಕಳೆಯುತ್ತಿತ್ತು. ಏಜೆಂಟ್ ತುಂಬಿದ್ದು ಎಂಬ ಮಾತೂ ಉಳಿಸುವುದಿಲ್ಲ, ಸಹಿ ಅರ್ಜಿದಾರರದು. ಹಣ ಪಡೆದು ಪ್ರತಿನಿಧಿಸುವವರು ಕೆನಡಾದ ಲೈಸೆನ್ಸ್ ಇರುವ ಸಲಹೆಗಾರರೋ ವಕೀಲರೋ ಆಗಿರಬೇಕು, ಅವರ ಹೆಸರು ಐಎಂಎಂ 5476ರಲ್ಲಿ ಬರಬೇಕು. ಆ ನಮೂನೆಯಲ್ಲಿ ಹೆಸರು ಹಾಕಲು ಹಿಂಜರಿಯುವವರ ಸಲಹೆಯನ್ನು ಅಲ್ಲೇ ಬಿಡಬೇಕು.

2020ರ ಲಾಕ್‌ಡೌನ್‌ನಲ್ಲಿ ಪುಣೆ, ಪಿಂಪ್ರಿ-ಚಿಂಚವಡ, ಮುಂಬೈಯಲ್ಲಿ ಐಪಿಸಿ 188ರಡಿ (ಸರ್ಕಾರಿ ಆದೇಶ ಮೀರಿದ್ದಕ್ಕೆ) ಕೇಸು ಹಾಕಿಸಿಕೊಂಡವರೂ ಇದನ್ನೇ ಕೇಳುತ್ತಾರೆ. ಅಂಥ ಕೇಸುಗಳನ್ನು ಹಿಂಪಡೆಯಲು ಮಹಾರಾಷ್ಟ್ರ ಸರ್ಕಾರ 2022ರಲ್ಲಿ ನಿರ್ಧರಿಸಿತು. ನಿರ್ಧಾರದ ಸುದ್ದಿ ಸಾಲದು, ನಿಮ್ಮ ಕೇಸು ಹಿಂಪಡೆದ ಕೋರ್ಟಿನ ಆದೇಶವೇ ಕೈಯಲ್ಲಿರಬೇಕು. ದೋಷಾರೋಪ ಕೋರ್ಟಿಗೆ ಹೋಗಿದ್ದರೆ ಅದನ್ನೂ ತಿಳಿಸಬೇಕು, ಪ್ರಶ್ನೆಯಲ್ಲಿ ಆರೋಪ ಎಂಬ ಮಾತೂ ಇದೆ.

ಪತ್ರ, ಅಧಿಕಾರಿಯ ಪ್ರಶ್ನೆ, ಉತ್ತರ

ವಿವರಣಾ ಪತ್ರ ಒಂದೂವರೆ ಪುಟ. ಮೊದಲ ಪ್ಯಾರಾದಲ್ಲಿ ದಿನಾಂಕ, ಸ್ಥಳ, ಸೆಕ್ಷನ್, ಅಂಕಿ, ಕೋರ್ಟ್, ಕೇಸ್ ನಂಬರ್, ದಂಡ, ರಸೀದಿ ನಂಬರ್, ಅಮಾನತು ಮುಗಿದ ದಿನ. ಎರಡನೆಯದರಲ್ಲಿ ಸೆಕ್ಷನ್ 185 ಮತ್ತು 253ರ ಪಠ್ಯ, ಅದರ ಮುಂದೆ ಪುರಾವೆಯ ಪುಟಸಂಖ್ಯೆ. ಮೂರನೆಯದರಲ್ಲಿ ಉಳಿದ ದಂಡಗಳ ಸಣ್ಣ ಕೋಷ್ಟಕ. ಮೊದಲ ಕರಡಿನಲ್ಲಿ ಇದ್ದ "ಕೇವಲ ಟ್ರಾಫಿಕ್ ತಪ್ಪು", "ಒಂದೇ ಬಿಯರ್ ಕುಡಿದಿದ್ದೆ", "ಹಬ್ಬದ ರಾತ್ರಿ ಪೊಲೀಸರು ಎಲ್ಲರನ್ನೂ ಹಿಡಿಯುತ್ತಿದ್ದರು" ಎಂಬ ಸಾಲುಗಳನ್ನು ತೆಗೆಯಲಾಯಿತು. ತಪ್ಪೊಪ್ಪಿಕೊಂಡ ಕೇಸನ್ನು ಕೆನಡಾದ ಅಧಿಕಾರಿ ಮರುವಿಚಾರಣೆ ಮಾಡುವುದಿಲ್ಲ. ಅಂಥ ಸಾಲುಗಳು ಅರ್ಜಿದಾರರು ಏನನ್ನೋ ಮುಚ್ಚುತ್ತಿದ್ದಾರೆ ಎಂಬ ಭಾವನೆಯನ್ನಷ್ಟೇ ಹುಟ್ಟಿಸುತ್ತವೆ.

ನಕ್ಕಲ್ 52ನೇ ದಿನ ಕೈಸೇರಿತು, ಅರ್ಜಿ 58ನೇ ದಿನ ಹೋಯಿತು. ಕೆಲವು ತಿಂಗಳ ಬಳಿಕ ಪ್ರೊಸೀಜರಲ್ ಫೇರ್‌ನೆಸ್ ಪತ್ರ ಬಂತು: ಸೆಕ್ಷನ್ 36(2)ರಡಿ ನೀವು ಅನರ್ಹರೆಂಬ ಕಳವಳವಿದೆ, 30 ದಿನದಲ್ಲಿ ಉತ್ತರಿಸಿ. ಮನೆಯಲ್ಲಿ ಇದನ್ನು ತಿರಸ್ಕಾರ ಎಂದೇ ಓದಿದರು. ಇದು ತಿರಸ್ಕಾರವಲ್ಲ, ತೀರ್ಮಾನಕ್ಕೆ ಮುನ್ನ ಕೊಡುವ ಅವಕಾಶ. ಅಧಿಕಾರಿಗೆ ಬೇಕಿದ್ದದ್ದು ಎರಡು: ಚೀಟಿಯ ಸ್ಪಷ್ಟ ಪ್ರತಿ, ಮತ್ತು ಕನ್ವಿಕ್ಷನ್ 185ರ ಯಾವ ಭಾಗದಡಿ ಎಂಬುದು. ಎರಡನೆಯದು ಮುಖ್ಯ, ಏಕೆಂದರೆ 185ರ ಇನ್ನೊಂದು ಭಾಗ ಮಾದಕ ದ್ರವ್ಯದಿಂದ ನಿಯಂತ್ರಣ ತಪ್ಪಿದವರಿಗೆ ಸಂಬಂಧಿಸಿದ್ದು. ದೋಷಾರೋಪ ಪತ್ರದ ದೃಢೀಕೃತ ಪ್ರತಿ, ಹೆಚ್ಚು ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿದ ಚೀಟಿ, ಪೊಲೀಸ್ ನಮೂನೆಯ ಅನುವಾದ, ಕೆನಡಾ ವಕೀಲರ ನಾಲ್ಕು ಪುಟದ ಹೋಲಿಕೆ ಟಿಪ್ಪಣಿ ಒಟ್ಟಿಗೆ ಹೋದವು. ಒಪ್ಪದಿದ್ದರೆ ರಿಹ್ಯಾಬಿಲಿಟೇಶನ್ ಅರ್ಜಿಯನ್ನೂ ಪರಿಗಣಿಸಿ ಎಂದು ಕೊನೆಯಲ್ಲಿ ಕೇಳಿಕೊಂಡು ಐಎಂಎಂ 1444ನ್ನೂ ಲಗತ್ತಿಸಲಾಯಿತು. ಹೋಲಿಕೆಯ ವಾದವನ್ನು ಅಧಿಕಾರಿ ಒಪ್ಪಿದರು. ರಿಹ್ಯಾಬಿಲಿಟೇಶನ್ ಅರ್ಜಿಯನ್ನು ನೋಡಬೇಕಾದ ಪ್ರಮೇಯ ಬರಲಿಲ್ಲ.

ಪಾಸ್‌ಪೋರ್ಟ್ ಕೇಳಿ ಸಂದೇಶ ಬಂದ ಮೇಲೂ ಒಂದು ಹಂತ ಬಾಕಿ ಇರುತ್ತದೆ. ಕೆನಡಾದಲ್ಲಿ ಇಳಿದು ಪಿಆರ್ ಆಗಿ ದಾಖಲಾಗುವಾಗ ಅಪರಾಧದ ಪ್ರಶ್ನೆಯನ್ನು ಮತ್ತೆ ಕೇಳಬಹುದು, ವೀಸಾ ಬಂದ ನಂತರ ಆದದ್ದೂ ಅದರಲ್ಲಿ ಸೇರುತ್ತದೆ. ಬೀಳ್ಕೊಡುಗೆ ಪಾರ್ಟಿಯಿಂದ ಮನೆಗೆ ಬರುವಾಗ ನಾಕಾಬಂದಿಯಲ್ಲಿ ಸಿಕ್ಕಿಬಿದ್ದರೆ ಅದು ಈಗ 36(1)ರ ಪ್ರಶ್ನೆ. ರೋಜನಾಮಾ, ಚೀಟಿ, ಅನುವಾದ, ಫೇರ್‌ನೆಸ್ ಪತ್ರಕ್ಕೆ ಕೊಟ್ಟ ಉತ್ತರ ಇಷ್ಟನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೋಗಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.